ಡ್ರಿಪ್‌ನಲ್ಲಿ ಕೊಡುವ ಔಷಧಿಯಲ್ಲಿ ತಪ್ಪು ಯಾಕೆ ಆಗುತ್ತದೆ? ಅಪ್ಪನಿಗೆ ಆದದ್ದನ್ನು ನೋಡಿ ಕೇಳುತ್ತಿದ್ದೇನೆ

ಕತ್ರಿಗುಪ್ಪೆ_ಮಗ | ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಕಾಲಿನ ಗಾಯ ಕೀವಾಗಿ ಹೋದ ವಾರ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹೆಸರು ಹೇಳುವುದಿಲ್ಲ. ಅಪ್ಪ ಇನ್ನೂ ಅಲ್ಲೇ ಇದ್ದಾರೆ, ಅಲ್ಲಿಯವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರೆ.

ಗುರುವಾರ ಕಲ್ಚರ್ ರಿಪೋರ್ಟ್ ಬಂತು. ವ್ಯಾಂಕೋಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಶುರು ಮಾಡಬೇಕು ಅಂದರು. ರಾತ್ರಿ ಹನ್ನೊಂದಕ್ಕೆ ಸಿಸ್ಟರ್ ಬಂದು 100 ಎಂಎಲ್ ಬಾಟ್ಲಿ ಸಿಕ್ಕಿಸಿ, ಪೈಪಿನ ರೋಲರ್ ತಿರುಗಿಸಿ, ಪಕ್ಕದ ಬೆಡ್‌ಗೆ ಹೋದರು. ಕಾಲು ಗಂಟೆ ಆಗಿರಬಹುದು. ಅಪ್ಪ ತಲೆ ಕೆರೆದುಕೊಳ್ಳುತ್ತಾ "ಯಾಕೋ ಮೈಯೆಲ್ಲಾ ಉರಿಯುತ್ತಿದೆ ಕಣೋ" ಅಂದರು. ಲೈಟ್ ಹಾಕಿದೆ. ಮುಖ, ಕುತ್ತಿಗೆ, ಎದೆ ಪೂರ್ತಿ ಕೆಂಪು, ಬಿಸಿನೀರು ಎರಚಿದ ಹಾಗೆ. ಬಾಟ್ಲಿಯಲ್ಲಿ ಎರಡು ಬೆರಳಷ್ಟು ಮಾತ್ರ ಉಳಿದಿತ್ತು. ಓಡಿ ಹೋಗಿ ಸಿಸ್ಟರ್‌ನ ಕರೆದೆ. ಬಿಪಿ 80/50. ತಕ್ಷಣ ಬಾಟ್ಲಿ ನಿಲ್ಲಿಸಿದರು, ಅಲರ್ಜಿಗೆ ಕೊಡುವ ಏವಿಲ್ ಕೊಟ್ಟರು, ಸಲೈನ್ ಜೋರಾಗಿ ಬಿಟ್ಟರು. ಒಂದು ಗಂಟೆಯಲ್ಲಿ ಸರಿಹೋದರು.

ಮರುದಿನ ಕೇಳಿದ್ದಕ್ಕೆ "ಅಲರ್ಜಿ ಆಗಿರಬೇಕು" ಅಂದರು. ಆದರೆ ಶನಿವಾರ ಅದೇ ಔಷಧಿ ಮತ್ತೆ ಕೊಟ್ಟರು, ಈ ಸಲ ಏನೂ ಆಗಲಿಲ್ಲ. ಹಾಗಾದರೆ ಗುರುವಾರ ಆದದ್ದೇನು? ಜಗಳ ಮಾಡುವ ಉದ್ದೇಶ ನನಗಿಲ್ಲ. ನಿಜವಾಗಿ ಏನು ನಡೆಯುತ್ತದೆ ಅಂತ ಒಳಗಿನವರು ಯಾರಾದರೂ ಹೇಳುತ್ತೀರಾ?

ರಾತ್ರಿಪಾಳಿ | ಭಾನುವಾರ, ರಾತ್ರಿ 10.25

ಸರ್, ನಾನು ಸ್ಟಾಫ್ ನರ್ಸ್. ಹನ್ನೊಂದು ವರ್ಷದ ಸರ್ವೀಸ್, ಅದರಲ್ಲಿ ಆರು ವರ್ಷ ಐಸಿಯು. ನೀವು ಬರೆದದ್ದನ್ನು ಓದಿದಾಗಲೇ ಗೊತ್ತಾಯಿತು, ಅದು ಅಲರ್ಜಿ ಅಲ್ಲ, ಸ್ಪೀಡ್. ವ್ಯಾಂಕೋಮೈಸಿನ್ ಜೋರಾಗಿ ಹೋದರೆ ಮೈಯಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದರಿಂದ ಕೆಂಪು, ತುರಿಕೆ, ಬಿಪಿ ಇಳಿಯುವುದು ಎಲ್ಲಾ ಆಗುತ್ತದೆ. ನಿಧಾನವಾಗಿ ಕೊಟ್ಟರೆ ಅದೇ ರೋಗಿ ಅದೇ ಔಷಧಿಯನ್ನು ತಡೆದುಕೊಳ್ಳುತ್ತಾರೆ. ಶನಿವಾರ ಏನೂ ಆಗದಿರಲು ಅದೇ ಕಾರಣ.

ನಿಯಮ ಹೀಗಿದೆ. ನಿಮಿಷಕ್ಕೆ 10 ಮಿಲಿಗ್ರಾಂ ದಾಟಬಾರದು, ಎಷ್ಟೇ ಕಡಿಮೆ ಡೋಸ್ ಇದ್ದರೂ ಒಂದು ಗಂಟೆಗಿಂತ ಬೇಗ ಮುಗಿಸಬಾರದು. 1 ಗ್ರಾಂ ಅಂದರೆ 100 ನಿಮಿಷ. ಕರಗಿಸುವುದೂ ಕನಿಷ್ಠ 200 ಎಂಎಲ್‌ನಲ್ಲಿ. ನಿಮ್ಮ ತಂದೆಗೆ 1 ಗ್ರಾಂ ಇದ್ದಿದ್ದರೆ, 100 ಎಂಎಲ್‌ನಲ್ಲಿ ಹಾಕಿ ಕಾಲು ಗಂಟೆಯಲ್ಲಿ ಬಿಟ್ಟಿದ್ದಾರೆ ಅಂತ ಅರ್ಥ.

ಒಂದು ಕೆಲಸ ಮಾಡಿ. ಡ್ರಗ್ ಚಾರ್ಟ್‌ನಲ್ಲಿ ಏನು ಬರೆದಿದೆ ಅಂತ ನೋಡಲು ಕೇಳಿ. ನಾನು ಊಹಿಸುವುದು ಇಷ್ಟು: "ಇಂಜೆಕ್ಷನ್ ವ್ಯಾಂಕೋಮೈಸಿನ್ 1 ಗ್ರಾಂ ಐವಿ, ದಿನಕ್ಕೆ ಎರಡು ಸಲ". ಐವಿ ಅಂದರೆ ರಕ್ತನಾಳದ ಮೂಲಕ. ಎಷ್ಟು ನೀರಿನಲ್ಲಿ, ಎಷ್ಟು ಹೊತ್ತಿನಲ್ಲಿ ಅನ್ನುವುದು ಇರುವುದಿಲ್ಲ.

ಶಾಂತಿನಗರ_ನಿವಾಸಿ | ಭಾನುವಾರ, ರಾತ್ರಿ 10.50

ಬರೆದಿಲ್ಲ ಅಂದರೆ ಗೊತ್ತಿರಬೇಕು ಅಲ್ವಾ? ಓದಿ ತಾನೇ ಕೆಲಸಕ್ಕೆ ಬಂದಿರುವುದು. ಲಕ್ಷಗಟ್ಟಲೆ ಬಿಲ್ ಕಟ್ಟುವ ಕಡೆ ಇಂಥ ತಪ್ಪು ಮಾಡಿದವರನ್ನು ಮೊದಲು ಕೆಲಸದಿಂದ ತೆಗೆಯಬೇಕು.

ರಾತ್ರಿಪಾಳಿ | ಭಾನುವಾರ, ರಾತ್ರಿ 11.35

ಗೊತ್ತಿರಬೇಕು, ಒಪ್ಪುತ್ತೇನೆ. ಆದರೆ ರಾತ್ರಿ ಹನ್ನೊಂದರ ವಾರ್ಡ್ ಹೇಗಿರುತ್ತದೆ ಅಂತ ಸ್ವಲ್ಪ ಕೇಳಿ.

ನಮ್ಮ ಪಾಳಿ ಎಂಟಕ್ಕೆ ಶುರು. ಹ್ಯಾಂಡೋವರ್ ಮುಗಿಯುವಾಗ ಎಂಟೂವರೆ. ಜನರಲ್ ವಾರ್ಡ್‌ನಲ್ಲಿ ನನಗೆ ಹದಿನಾಲ್ಕು, ಹದಿನಾರು ರೋಗಿಗಳು ಬಂದ ರಾತ್ರಿಗಳಿವೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡ್‌ನಲ್ಲಿ 3 ರೋಗಿಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬರು ಇರಬೇಕು. ಹತ್ತು ಗಂಟೆಯ ಡೋಸ್ ಅಂದರೆ ಎಲ್ಲರಿಗೂ ಒಟ್ಟಿಗೆ. ಟ್ರೇಯಲ್ಲಿ ಹನ್ನೆರಡು ಸಿರಿಂಜ್. ಒಂದು ವಯಲ್ ಒಡೆದು ನೀರು ಹಾಕಿ ಅಲ್ಲಾಡಿಸುತ್ತಿರುತ್ತೇನೆ, ಅಷ್ಟರಲ್ಲಿ ಫೋನ್. ಎಮರ್ಜೆನ್ಸಿಯಿಂದ ಹೊಸ ಅಡ್ಮಿಷನ್. ಫೋನ್ ಇಡುವಾಗ 6ನೇ ಬೆಡ್‌ನವರ ಮಗಳು ಬಂದು "ಸಿಸ್ಟರ್, ಡ್ರಿಪ್ ಓಡುತ್ತಿಲ್ಲ" ಅನ್ನುತ್ತಾರೆ. ವಾಪಸ್ ಟ್ರೇ ಹತ್ತಿರ ಬಂದಾಗ ಕೈಯಲ್ಲಿದ್ದ ಸಿರಿಂಜ್ ಯಾರದ್ದು ಅಂತ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಆ ಒಂದು ಕ್ಷಣಕ್ಕೆ ನಾನು ಇಂದಿಗೂ ಹೆದರುತ್ತೇನೆ.

ಬೇರೆ ಆ್ಯಂಟಿಬಯೋಟಿಕ್‌ಗಳಲ್ಲಿ ಜಾಸ್ತಿ ಪಾಲು 100 ಎಂಎಲ್‌ನಲ್ಲಿ ಅರ್ಧ ಗಂಟೆಗೆ ಹೋಗುತ್ತವೆ. ಕೈಗೆ ಅದೇ ಅಭ್ಯಾಸ. ಚಾರ್ಟ್ ಸುಮ್ಮನಿದ್ದರೆ ಕೈ ಅಭ್ಯಾಸದ ದಾರಿ ಹಿಡಿಯುತ್ತದೆ.

ಆಸ್ಟ್ರೇಲಿಯಾದಲ್ಲಿ ಸಿಡ್ನಿಯ ಎರಡು ಬೋಧನಾ ಆಸ್ಪತ್ರೆಗಳಲ್ಲಿ ಸಂಶೋಧಕರು ನರ್ಸ್‌ಗಳ ಪಕ್ಕದಲ್ಲೇ ನಿಂತು ನೋಡಿದ್ದರು. 2011ರಲ್ಲಿ ಅದು ಪ್ರಕಟವಾಯಿತು. 107 ನರ್ಸ್, 568 ಐವಿ ಡೋಸ್. ಹತ್ತರಲ್ಲಿ ಏಳು ಡೋಸ್‌ಗಳಲ್ಲಿ ಏನಾದರೂ ಒಂದು ತಪ್ಪು ಇತ್ತು. ಗಂಭೀರ ಅನ್ನಿಸಿದ್ದು 101. ಆ 101ರಲ್ಲಿ 95 ತಪ್ಪುಗಳು ಒಂದೇ ಜಾತಿಯವು: ಸ್ಪೀಡ್. ಜನ ತಿಳಿದುಕೊಂಡಿರುವುದು "ತಪ್ಪು ಔಷಧಿ ಕೊಟ್ಟುಬಿಟ್ಟರು" ಅಂತ. ನಿಜವಾಗಿ ಜಾಸ್ತಿ ಆಗುವುದು ಸರಿಯಾದ ಔಷಧಿಯನ್ನು ತಪ್ಪು ವೇಗದಲ್ಲಿ ಕೊಡುವುದು. ನಿಮ್ಮ ತಂದೆಗೆ ಆದದ್ದೂ ಅದೇ.

ತುಂಗಾತೀರ | ಸೋಮವಾರ, ಬೆಳಿಗ್ಗೆ 7.15

ಅಕ್ಕಾ, ನಾನು ಇಲ್ಲಿ ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷ. ಊರು ತೀರ್ಥಹಳ್ಳಿ. ಪೋಸ್ಟಿಂಗ್‌ನಲ್ಲಿ ಹನಿ ಲೆಕ್ಕ ಹಾಕುವಾಗ ಪ್ರತಿ ಸಲ ಕೈ ನಡುಗುತ್ತದೆ. ನೀವು ಹೇಗೆ ಲೆಕ್ಕ ಹಾಕುತ್ತೀರಿ?

ರಾತ್ರಿಪಾಳಿ | ಸೋಮವಾರ, ಬೆಳಿಗ್ಗೆ 9.05

ಮೊದಲು ಸೆಟ್‌ನ ಕವರ್ ಓದು ಪುಟ್ಟಿ. ಲೆಕ್ಕ ಆಮೇಲೆ. ನಾವು ಸಾಮಾನ್ಯವಾಗಿ ಬಳಸುವ ದೊಡ್ಡ ಸೆಟ್‌ನಲ್ಲಿ 20 ಹನಿಗೆ 1 ಎಂಎಲ್. ಮೈಕ್ರೋ ಸೆಟ್‌ನಲ್ಲಿ 60 ಹನಿಗೆ 1 ಎಂಎಲ್. 500 ಎಂಎಲ್ ಬಾಟ್ಲಿ 8 ಗಂಟೆಯಲ್ಲಿ ಹೋಗಬೇಕು ಅಂದುಕೋ. 500ನ್ನು 20ರಿಂದ ಗುಣಿಸಿ 480 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ಮೈಕ್ರೋ ಸೆಟ್ ಆದರೆ 62 ಅಥವಾ 63. ಈಗ ಮೈಕ್ರೋ ಅಂದುಕೊಂಡು ದೊಡ್ಡ ಸೆಟ್‌ನಲ್ಲಿ 63 ಹನಿ ಬಿಟ್ಟೆ ಅನ್ನು. ಎಂಟು ಗಂಟೆಯದ್ದು ಮೂರು ಗಂಟೆಗೂ ಮೊದಲೇ ಖಾಲಿ. ಚಿಕ್ಕ ಮಗುವಿಗೆ, ಹಾರ್ಟ್ ಪೇಷೆಂಟ್‌ಗೆ ಅದು ದೊಡ್ಡ ಅಪಾಯ.

ಪೂರ್ತಿ ಒಂದು ನಿಮಿಷ ವಾಚ್ ನೋಡಿ ಎಣಿಸು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡ. ಎಣಿಸಿ ಹೋದ ಮೇಲೆ ಹತ್ತು ನಿಮಿಷಕ್ಕೆ ಮತ್ತೆ ಬಂದು ನೋಡು. ರೋಗಿ ಕೈ ಮಡಚಿದರೆ ಹನಿ ನಿಲ್ಲುತ್ತದೆ, ಚಾಚಿದರೆ ಓಡುತ್ತದೆ. ಕೈ ನಡುಗುವುದು ಕೆಟ್ಟದ್ದಲ್ಲ. ಸಿಡ್ನಿಯ ಅದೇ ಅಧ್ಯಯನದಲ್ಲಿ ಮೊದಲ ಆರು ವರ್ಷ, ಒಂದೊಂದು ವರ್ಷದ ಅನುಭವಕ್ಕೂ ತಪ್ಪು ಸುಮಾರು 11% ಕಡಿಮೆಯಾಗುತ್ತಾ ಬಂದಿತ್ತು. ಆದರೆ ನಮ್ಮಲ್ಲಿ ಆರು ವರ್ಷ ಆಗುವುದರೊಳಗೆ ಹುಡುಗಿಯರು ಗಲ್ಫ್‌ಗೋ ಇಂಗ್ಲೆಂಡ್‌ಗೋ ಹೊರಟುಬಿಡುತ್ತಾರೆ. ಕೈ ಪಳಗಿದವರು ಹೋದ ಜಾಗಕ್ಕೆ ಮತ್ತೆ ಹೊಸಬರು. ಈ ಊರಿನ ವಾರ್ಡ್‌ಗಳ ದೊಡ್ಡ ನೋವು ಇದು, ನನ್ನ ಪ್ರಕಾರ.

ಮಲ್ಲೇಶ್ವರಂ_ಸರೋಜ | ಸೋಮವಾರ, ಬೆಳಿಗ್ಗೆ 11.20

ಇದನ್ನು ಓದಿ ಒಂದು ಮಾತು ಹೇಳಲೇಬೇಕು ಅನ್ನಿಸಿತು. ಎರಡು ವರ್ಷದ ಹಿಂದೆ ಅಮ್ಮನನ್ನು ಸೇರಿಸಿದ್ದಾಗ ಡಿಸ್ಚಾರ್ಜ್ ದಿನ ಕೊನೆಯ ಬಾಟ್ಲಿ ಬಹಳ ನಿಧಾನ ಆಯಿತು ಅಂತ ನಾನೇ ರೋಲರ್ ಮೇಲೆ ತಳ್ಳಿದೆ. ಬೇಗ ಮುಗಿದರೆ ಊಟದ ಹೊತ್ತಿಗೆ ಮನೆ ಸೇರಬಹುದು ಅಂತ. ಅದರಲ್ಲಿ ಪೊಟ್ಯಾಷಿಯಂ ಸೇರಿಸಿದ್ದರು. ಸಿಸ್ಟರ್ ನೋಡಿ ಓಡಿಬಂದು ನಿಲ್ಲಿಸಿದರು. ಬೈಯಲಿಲ್ಲ, ಆದರೆ ಅವರ ಕೈ ನಡುಗುತ್ತಿತ್ತು. ಯಾಕೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಅಮ್ಮನಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ದಯವಿಟ್ಟು ಯಾರೂ ರೋಲರ್ ಮುಟ್ಟಬೇಡಿ.

ಅರಿವಳಿಕೆ_ಡಾಕ್ಟರ್ | ಸೋಮವಾರ, ಮಧ್ಯಾಹ್ನ 2.10

ಸರೋಜ ಮೇಡಂ, ಅವರ ಕೈ ಯಾಕೆ ನಡುಗಿತು ಅಂತ ನಾನು ಹೇಳುತ್ತೇನೆ. ಪೊಟ್ಯಾಷಿಯಂ ಕ್ಲೋರೈಡ್ 10 ಎಂಎಲ್‌ನ ಒಂದು ಆಂಪ್ಯೂಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ. ಕೈಯ ರಕ್ತನಾಳದಲ್ಲಿ ಗಂಟೆಗೆ 10ಕ್ಕಿಂತ ಜಾಸ್ತಿ ಸಾಮಾನ್ಯವಾಗಿ ಕೊಡುವುದಿಲ್ಲ. ಒಮ್ಮೆಗೇ ಒಳಗೆ ಹೋದರೆ ಹೃದಯ ನಿಂತುಹೋಗುತ್ತದೆ. ಇಂಥದ್ದು ನೋಡಲು ಹೇಗಿರುತ್ತದೆ ಗೊತ್ತಾ? ಇಂಜೆಕ್ಷನ್ ಕರಗಿಸುವ ನೀರಿನ ಆಂಪ್ಯೂಲ್ ಥರ. ಎರಡೂ ಬಣ್ಣವಿಲ್ಲದ ನೀರು, ಎರಡೂ 10 ಎಂಎಲ್. ಅದಕ್ಕೇ ಒಳ್ಳೆಯ ಆಸ್ಪತ್ರೆಗಳಲ್ಲಿ ಅದನ್ನು ವಾರ್ಡ್ ಕಪಾಟಿನಿಂದಲೇ ತೆಗೆದು ಬೀಗದೊಳಗೆ ಇಟ್ಟಿರುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ನೇತಾಡುತ್ತಿರುವ ಬಾಟ್ಲಿಗೆ ಹಾಗೇ ಪೊಟ್ಯಾಷಿಯಂ ಚುಚ್ಚಿದರೆ ಅದು ಬೆರೆಯುವುದಿಲ್ಲ. ಭಾರವಾದದ್ದು, ಕೆಳಗೆ ಕೂರುತ್ತದೆ. ಮೊದಲು ಇಳಿಯುವುದೂ ಅದೇ. ಬಾಟ್ಲಿ ಕೆಳಗಿಳಿಸಿ ನಾಲ್ಕೈದು ಸಲ ತಲೆಕೆಳಗು ಮಾಡಿ ಆಮೇಲೆ ಹಾಕಬೇಕು. ಚಾರ್ಟ್‌ನಲ್ಲಿ ಎಲ್ಲಾ ಸರಿ ಬರೆದಿದ್ದರೂ ಆ ಹತ್ತು ಸೆಕೆಂಡಿನ ಕೆಲಸ ಬಿಟ್ಟರೆ ಮುಗಿಯಿತು.

ಬೆರೆಸುವುದರಲ್ಲೇ ಆಗುವ ತಪ್ಪು ಇನ್ನೂ ಇವೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಸಲೈನ್‌ನಲ್ಲಿ ಮಾತ್ರ ಹೋಗಬೇಕು. ಡೆಕ್ಸ್‌ಟ್ರೋಸ್‌ಗೆ, ಅಂದರೆ ಸಕ್ಕರೆ ಇರುವ ಡ್ರಿಪ್‌ಗೆ, ಹಾಕಿದರೆ ಸಣ್ಣ ಹರಳು ಕಟ್ಟಿ ಮಬ್ಬಾಗುತ್ತದೆ. ಅದಕ್ಕೂ ವೇಗದ ಮಿತಿ ಇದೆ, ನಿಮಿಷಕ್ಕೆ 50 ಮಿಲಿಗ್ರಾಂ, ವಯಸ್ಸಾದವರಿಗೆ ಇನ್ನೂ ನಿಧಾನ. ಫಂಗಸ್‌ಗೆ ಕೊಡುವ ಆಂಫೊಟೆರಿಸಿನ್ ಸರಿಯಾಗಿ ಇದಕ್ಕೆ ಉಲ್ಟಾ: ಡೆಕ್ಸ್‌ಟ್ರೋಸ್‌ನಲ್ಲೇ ಹೋಗಬೇಕು, ಸಲೈನ್‌ನಲ್ಲಿ ಕೆಡುತ್ತದೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಅದನ್ನು ಎಂದೂ ಕೈಯಲ್ಲಿ ಹಿಡಿಯದ ಹುಡುಗ ಹುಡುಗಿಯರು ರಾತ್ರೋರಾತ್ರಿ ಕೊಡಬೇಕಾಯಿತು. ಅದರಲ್ಲೂ ಸಾದಾ ಮತ್ತು ಲಿಪೊಸೋಮಲ್ ಅಂತ ಎರಡು ಬಗೆ. ಸಾದಾ ಅಂದರೆ ದಿನಕ್ಕೆ ಕೆಜಿಗೆ 1 ಮಿಲಿಗ್ರಾಂವರೆಗೆ. ಲಿಪೊಸೋಮಲ್ ಅಂದರೆ ಕೆಜಿಗೆ 3ರಿಂದ 5. ಹೆಸರು ಒಂದೇ. ಅದಲುಬದಲಾದರೆ ಜೀವಕ್ಕೇ ಸಂಚಕಾರ.

ಸೆಫ್ಟ್ರಿಯಾಕ್ಸೋನ್ ಎಲ್ಲರಿಗೂ ಗೊತ್ತಿರುವ ಆ್ಯಂಟಿಬಯೋಟಿಕ್ ಅಲ್ವಾ? ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಜೊತೆ ಒಂದೇ ಪೈಪಿನಲ್ಲಿ ಬಿಟ್ಟರೆ ಗಸಿ ಕಟ್ಟುತ್ತದೆ. ಹಸುಗೂಸುಗಳು ಇದರಿಂದ ತೀರಿಹೋಗಿವೆ.

ಮೆಡಿಕಲ್_ಕೌಂಟರ್ | ಸೋಮವಾರ, ಸಂಜೆ 6.30

ನಾನು ಫಾರ್ಮಸಿಸ್ಟ್. ಆಸ್ಪತ್ರೆಯ ಕೆಳಗಿನ ಮಹಡಿಯ ಕೌಂಟರ್‌ನಲ್ಲಿ ಒಂಬತ್ತು ವರ್ಷ ನಿಂತಿದ್ದೇನೆ. ತಪ್ಪಿನ ದಾರಿ ಬೆಡ್ ಹತ್ತಿರ ಶುರುವಾಗುವುದಿಲ್ಲ, ನಮ್ಮಲ್ಲೇ ಶುರುವಾಗುತ್ತದೆ.

ರೋಗಿಯ ಕಡೆಯವರು ಚೀಟಿ ಹಿಡಿದು ಬರುತ್ತಾರೆ. ಪ್ಲಾಸ್ಟಿಕ್ ಕವರ್‌ನಲ್ಲಿ ಎಂಟು ಹತ್ತು ಬಗೆಯ ವಯಲ್, ಆಂಪ್ಯೂಲ್ ಹಾಕಿ ಕೊಡುತ್ತೇವೆ. ಅದು ಮೇಲೆ ಹೋಗಿ ಬೆಡ್ ಪಕ್ಕದ ಡ್ರಾಯರ್ ಸೇರುತ್ತದೆ. ಕಂಪನಿ ಈ ವಾರ ಒಂದು, ಮುಂದಿನ ವಾರ ಇನ್ನೊಂದು, ಖರೀದಿ ವಿಭಾಗದವರಿಗೆ ಯಾವುದು ಅಗ್ಗಕ್ಕೆ ಸಿಕ್ಕಿತೋ ಅದು. ಕಳೆದ ವಾರ ನೀಲಿ ಮುಚ್ಚಳ ಇದ್ದದ್ದು ಈ ವಾರ ಕೆಂಪು. ಬಣ್ಣ ನೋಡಿ ಗುರುತು ಹಿಡಿಯುವ ಕಣ್ಣಿಗೆ ಅದೇ ಮೋಸ.

ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ತಗೊಳ್ಳಿ. 5 ಎಂಎಲ್ ವಯಲ್. ಒಂದರಲ್ಲಿ ಎಂಎಲ್‌ಗೆ 1000 ಯೂನಿಟ್, ಇನ್ನೊಂದರಲ್ಲಿ 5000. ಗಾತ್ರ ಒಂದೇ. 2007ರಲ್ಲಿ ಅಮೆರಿಕದ ನಟ ಡೆನ್ನಿಸ್ ಕ್ವೇಡ್ ಅವರ ಅವಳಿ ಹಸುಗೂಸುಗಳಿಗೆ 10 ಯೂನಿಟ್‌ನ ಬದಲು 10,000 ಯೂನಿಟ್‌ನ ಹೆಪಾರಿನ್ ಹೋಗಿತ್ತು. ಮಕ್ಕಳು ಬದುಕಿದರು. ಅಂಥ ಶ್ರೀಮಂತ ಆಸ್ಪತ್ರೆಯಲ್ಲೇ ಹಾಗಾದರೆ ನಮ್ಮ ಕವರ್‌ಗಳ ಗತಿ ಏನು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಇನ್ಸುಲಿನ್ ಇನ್ನೊಂದು. ನಮ್ಮ ದೇಶದಲ್ಲಿ ಎಂಎಲ್‌ಗೆ 40 ಯೂನಿಟ್ ಇರುವ ವಯಲ್ ಇದೆ, 100 ಯೂನಿಟ್ ಇರುವುದೂ ಇದೆ. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಔಷಧಿಯನ್ನು ಇಷ್ಟೇ ವೇಗ ಅಂತ ಬಿಡುವ ಯಂತ್ರಕ್ಕೆ, ಅಂದರೆ ಪಂಪ್‌ಗೆ, ಹಾಕುವಾಗ 50 ಎಂಎಲ್‌ಗೆ 50 ಯೂನಿಟ್ ಸೇರಿಸಬೇಕು. 40ರದ್ದು ಅಂದುಕೊಂಡು 100ರ ವಯಲ್‌ನಿಂದ ಒಂದೂಕಾಲು ಎಂಎಲ್ ಎಳೆದರೆ 125 ಯೂನಿಟ್ ಆಯಿತು. ಎರಡೂವರೆ ಪಟ್ಟು.

ಬರವಣಿಗೆ ಬೇರೆ. ಔಷಧಿ ಹೆಸರನ್ನು ಓದಲು ಬರುವ ಹಾಗೆ, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿ ಬರೆಯಿರಿ ಅಂತ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ಮಾಡಿತು. ಇವತ್ತಿಗೂ ಡೋಪಮಿನ್ ಅಂತ ಬರೆದಿದ್ದಾರೋ ಡೊಬುಟಮಿನ್ ಅಂತಲೋ ತಿಳಿಯದೆ ನಾನು ಮೇಲಕ್ಕೆ ಫೋನ್ ಮಾಡುತ್ತೇನೆ. ಫೋನ್ ಮಾಡಿದ್ದಕ್ಕೆ ಒಮ್ಮೊಮ್ಮೆ ಬೈಸಿಕೊಳ್ಳುತ್ತೇನೆ. ಆದರೂ ಮಾಡುತ್ತೇನೆ.

ಕತ್ರಿಗುಪ್ಪೆ ಸರ್, ನಿಮ್ಮ ತಂದೆಗೆ ಆದಂಥದ್ದನ್ನು ರೋಗಿಯ ಕಡೆಯವರೂ ವರದಿ ಮಾಡಬಹುದು. 2010ರಿಂದ ಭಾರತೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ ಇದೆ. ಉಚಿತ ಸಹಾಯವಾಣಿ 1800-180-3024. ಅದು ದೂರು ಕೊಡುವ ಜಾಗ ಅಲ್ಲ, ಔಷಧಿಯಿಂದ ಏನಾಯಿತು ಅಂತ ದಾಖಲೆ ಮಾಡುವ ಜಾಗ.

ಪಂಪ್_ರಿಪೇರಿ | ಸೋಮವಾರ, ರಾತ್ರಿ 8.45

ನಾನು ಬಯೋಮೆಡಿಕಲ್ ಎಂಜಿನಿಯರ್. ಪಂಪ್ ಇದ್ದರೆ ಎಲ್ಲಾ ಸರಿ ಅನ್ನುವವರಿಗೆ ಎರಡು ಮಾತು. ಪೈಪನ್ನು ಪಂಪ್‌ನಿಂದ ಬಿಚ್ಚುವ ಮೊದಲು ರೋಲರ್ ಮುಚ್ಚದಿದ್ದರೆ ಉಳಿದದ್ದೆಲ್ಲಾ ಒಮ್ಮೆಗೇ ರೋಗಿಯ ಮೈಗೆ ಇಳಿಯಬಹುದು. ಪೈಪ್ ಎಲ್ಲೋ ಮಡಚಿ ಅಲಾರಂ ಬಂದಾಗ ಸುಮ್ನೆ ಮಡಿಕೆ ಬಿಡಿಸಿದರೆ, ಒಳಗೆ ಒತ್ತಡದಲ್ಲಿ ನಿಂತಿದ್ದ ಔಷಧಿ ಒಂದೇ ಸಲ ಹೋಗುತ್ತದೆ. ಬಿಪಿ ಏರಿಸುವ ನಾರ್‌ಅಡ್ರಿನಲಿನ್‌ನಂಥದ್ದರಲ್ಲಿ ಅಷ್ಟು ಸಾಕು.

ಇನ್ನು ಅಲಾರಂ. ನಾನು ಸರ್ವೀಸ್‌ಗೆ ಹೋದಾಗ ಒಂದು ಐಸಿಯುನಲ್ಲಿ ಅರ್ಧ ಗಂಟೆ ನಿಂತು ಕೇಳಿದ್ದೇನೆ. ಶಬ್ದ ನಿಂತದ್ದೇ ಇಲ್ಲ. ಅಷ್ಟು ಕೂಗಿದರೆ ಯಾರ ಕಿವಿಯೂ ಅದನ್ನು ಕೇಳುವುದನ್ನು ಬಿಡುತ್ತದೆ.

ಶಾಂತಿನಗರ_ನಿವಾಸಿ | ಸೋಮವಾರ, ರಾತ್ರಿ 9.30

ಎಲ್ಲಾ ಓದಿದೆ. ಆದರೂ ಒಂದು ಪ್ರಶ್ನೆ. ವ್ಯವಸ್ಥೆ, ಕೆಲಸದ ಒತ್ತಡ ಅಂತ ಹೇಳುತ್ತಾ ಹೋದರೆ ಯಾರೂ ಜವಾಬ್ದಾರರೇ ಅಲ್ಲ ಅಂತ ಆಗಲ್ವಾ? ನನ್ನ ತಮ್ಮನ ವಿಷಯದಲ್ಲಿ ಎರಡು ಬೆಡ್‌ಗಳಲ್ಲಿ ಒಂದೇ ಹೆಸರಿನವರು ಇದ್ದರು. ಪಕ್ಕದವರ ಇಂಜೆಕ್ಷನ್ ಇವನಿಗೆ ಹೋಯಿತು. ಒಂದು ಕ್ಷಮೆಯೂ ಸಿಗಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಅರಿವಳಿಕೆ_ಡಾಕ್ಟರ್ | ಸೋಮವಾರ, ರಾತ್ರಿ 11.00

ನಿಮ್ಮ ಸಿಟ್ಟು ನ್ಯಾಯವಾದದ್ದು. ಕ್ಷಮೆ ಕೇಳದೇ ಇದ್ದದ್ದು ದೊಡ್ಡ ತಪ್ಪು. ಹೆಸರು ಕೇಳದೇ ಕೊಟ್ಟದ್ದೂ ತಪ್ಪೇ. ರಾತ್ರಿಪಾಳಿ ಸಿಸ್ಟರ್ ಹೇಳಿದ ಸಿಡ್ನಿಯ ಅಧ್ಯಯನದಲ್ಲಿ ರೋಗಿಯ ಗುರುತು ನೋಡಿಕೊಂಡದ್ದು ಅರ್ಧಕ್ಕಿಂತ ಕಡಿಮೆ ಸಲ. ನೋಡಿಕೊಂಡ ಕಡೆ ತಪ್ಪಿನ ಸಾಧ್ಯತೆ 56% ಕಡಿಮೆ ಇತ್ತು. ನಮ್ಮಲ್ಲಿ ಎಲ್ಲರೂ "12ನೇ ಬೆಡ್" ಅಂತಲೇ ಮಾತಾಡುತ್ತೇವೆ. ಬೆಡ್ ಬದಲಾದ ದಿನ ಅದು ಕೈಕೊಡುತ್ತದೆ.

ಆದರೆ ಶಿಕ್ಷೆ ಒಂದರಿಂದಲೇ ಕಡಿಮೆಯಾಗುತ್ತದೆ ಅಂತ ನಾನು ನಂಬುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಒಬ್ಬ ನರ್ಸ್ ಮಿಡಜೋಲಂ ಬದಲು ವೆಕುರೋನಿಯಂ ಕೊಟ್ಟರು. ಮೊದಲನೆಯದು ಭಯ ಕಡಿಮೆ ಮಾಡುವ ಔಷಧಿ. ಎರಡನೆಯದು ಉಸಿರಾಡುವ ಸ್ನಾಯುಗಳನ್ನೇ ನಿಲ್ಲಿಸುತ್ತದೆ. ರೋಗಿ ತೀರಿಕೊಂಡರು. ಆ ನರ್ಸ್ ವಯಲ್ ಮೇಲಿನ ಎಚ್ಚರಿಕೆ ಓದಲಿಲ್ಲ, ನಿಜ. ತಪ್ಪು ಗೊತ್ತಾದ ಕೂಡಲೇ ತಾವೇ ಒಪ್ಪಿಕೊಂಡರು, ಅದೂ ನಿಜ. 2022ರಲ್ಲಿ ಕೋರ್ಟ್ ಅವರನ್ನು ಅಪರಾಧಿ ಅಂತ ಹೇಳಿತು, ಜೈಲಿನ ಬದಲು ಮೂರು ವರ್ಷ ನಿಗಾದಲ್ಲಿರುವ ಪ್ರೊಬೇಷನ್ ಕೊಟ್ಟಿತು. ಒಪ್ಪಿಕೊಂಡರೆ ಜೈಲು ಅನ್ನುವ ಭಯ ಆಮೇಲೆ ಎಷ್ಟೋ ನರ್ಸ್‌ಗಳಿಗೆ ಹಿಡಿಯಿತು. ಮುಚ್ಚಿಟ್ಟ ತಪ್ಪಿನಿಂದ ಮುಂದಿನ ರೋಗಿಗೆ ಏನು ಲಾಭ ಹೇಳಿ.

ಇನ್ನೊಂದು ಉದಾಹರಣೆ. ವಿನ್‌ಕ್ರಿಸ್ಟಿನ್ ಅನ್ನುವ ಕ್ಯಾನ್ಸರ್ ಔಷಧಿ ರಕ್ತನಾಳಕ್ಕೆ ಮಾತ್ರ. ಬೆನ್ನುಹುರಿಗೆ ಹೋದರೆ ಬದುಕುವುದು ತೀರಾ ಅಪರೂಪ. 2001ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 18 ವರ್ಷದ ಹುಡುಗನೊಬ್ಬ ಹಾಗೇ ತೀರಿಕೊಂಡ. ಯಾಕೆ ಹೋಗುತ್ತದೆ ಅಂದರೆ ಸಿರಿಂಜ್‌ನ ತುದಿ ಡ್ರಿಪ್‌ನ ಪೈಪು, ಬೆನ್ನಿನ ಸೂಜಿ ಎರಡೂ ಕಡೆ ಕೂರುತ್ತದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು ಸರಳ: ಅದನ್ನು ಸಿರಿಂಜ್‌ನಲ್ಲಿ ತುಂಬಲೇಬೇಡಿ, ಚಿಕ್ಕ ಡ್ರಿಪ್ ಚೀಲದಲ್ಲಿ ಹಾಕಿ. ಚೀಲ ಹಿಡಿದು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ. ಯಾರಿಗೂ ಬೈಯದೆ, ಯಾರ ಜ್ಞಾಪಕವನ್ನೂ ನಂಬದೆ ತಪ್ಪಿನ ಬಾಗಿಲು ಮುಚ್ಚಿದರು. ನನಗೆ ಬೇಕಾಗಿರುವುದು ಇಂಥ ಕೆಲಸ.

ರಾತ್ರಿಪಾಳಿ | ಮಂಗಳವಾರ, ಬೆಳಿಗ್ಗೆ 8.50

ಡಾಕ್ಟ್ರೇ, ಡಬಲ್ ಚೆಕ್ ಬಗ್ಗೆಯೂ ಹೇಳಬೇಕಿತ್ತು. ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಇರುವ ಕಡೆ ಅಪಾಯದ ಔಷಧಿಗಳನ್ನು ಇಬ್ಬರು ನೋಡಿ ಸಹಿ ಮಾಡಬೇಕು. ಇನ್ಸ್‌ಪೆಕ್ಷನ್ ವಾರ ಬಿಟ್ಟರೆ ಎಷ್ಟೋ ಕಡೆ ಅದು ಬರೀ ಎರಡನೇ ಸಹಿ. ನಾನು ಲೋಡ್ ಮಾಡಿ "ನೋಡು" ಅಂತ ತೋರಿಸುತ್ತೇನೆ, ಅವಳು ನನ್ನ ಮೇಲಿನ ನಂಬಿಕೆಯಿಂದ ಸಹಿ ಹಾಕುತ್ತಾಳೆ. ಲೆಕ್ಕವನ್ನು ಅವಳು ಬೇರೆಯಾಗಿ ಹಾಕಿದರೆ ಮಾತ್ರ ಅದು ಚೆಕ್. ಇಬ್ಬರು ಇರಬೇಕಲ್ವಾ ಅದಕ್ಕೆ? ರಾತ್ರಿ ಎಷ್ಟೋ ಸಲ ವಾರ್ಡ್‌ನಲ್ಲಿ ಇರುವುದು ಒಬ್ಬಳೇ.

ಲೋಡ್ ಮಾಡಿದ ಪ್ರತಿ ಸಿರಿಂಜ್‌ಗೂ ಹೆಸರು ಅಂಟಿಸುವುದನ್ನು ಮಾತ್ರ ನಾನು ಎಂಥ ಗಡಿಬಿಡಿಯಲ್ಲೂ ಬಿಟ್ಟಿಲ್ಲ. ಲೇಬಲ್ ಖಾಲಿಯಾದರೆ ಪ್ಲಾಸ್ಟರ್ ಹರಿದು ಪೆನ್ನಿನಲ್ಲಿ ಬರೆಯುತ್ತೇನೆ. ತುಂಗಾತೀರ, ನೀನೂ ಹಾಗೇ ಮಾಡು.

ತುಂಗಾತೀರ | ಮಂಗಳವಾರ, ಮಧ್ಯಾಹ್ನ 1.00

ಖಂಡಿತ ಅಕ್ಕಾ. ಇವತ್ತು ಪೂರ್ತಿ ಒಂದು ನಿಮಿಷ ಎಣಿಸಿದೆ. ಪಕ್ಕದ ಬೆಡ್‌ನವರು ಕರೆದರು, "ಒಂದು ನಿಮಿಷ ಅಜ್ಜಿ" ಅಂದೆ. ಕಾದರು.

ಕತ್ರಿಗುಪ್ಪೆ_ಮಗ | ಬುಧವಾರ, ರಾತ್ರಿ 11.10

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೂತು ಮಾತಾಡಿದೆ. ಚಾರ್ಟ್ ತೋರಿಸಿದರು. ರಾತ್ರಿಪಾಳಿ ಮೇಡಂ ಹೇಳಿದ ಹಾಗೇ ಇತ್ತು. 1 ಗ್ರಾಂ, ಐವಿ, ದಿನಕ್ಕೆ ಎರಡು ಸಲ. ಅಷ್ಟೇ. ಪಂಪ್ ಕೇಳಿದೆ. ಗುರುವಾರ ನಮ್ಮ ಬೆಡ್‌ನಲ್ಲಿದ್ದ ಪಂಪ್ ಸಂಜೆ ಬೇರೆ ರೋಗಿಗೆ ಬೇಕಾಗಿ ತಗೊಂಡು ಹೋಗಿದ್ದರಂತೆ. ಆ ರಾತ್ರಿಯ ಸಿಸ್ಟರ್ ಕೆಲಸಕ್ಕೆ ಸೇರಿ ಐದು ತಿಂಗಳು. ವ್ಯಾಂಕೋಮೈಸಿನ್ ಅವರು ಮೊದಲ ಸಲ ಒಬ್ಬರೇ ಕೊಟ್ಟದ್ದು.

ಇನ್‌ಚಾರ್ಜ್ ಸಿಸ್ಟರ್ "ಅಲರ್ಜಿ ಅಂತ ಹೇಳಬಾರದಿತ್ತು, ತಪ್ಪಾಯಿತು" ಅಂದರು. ಅಪ್ಪನ ಫೈಲ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ ವ್ಯಾಂಕೋಮೈಸಿನ್ ಅಲರ್ಜಿ ಅನ್ನುವ ಸಾಲನ್ನು ಡಾಕ್ಟರ್ ಹತ್ತಿರ ತಿದ್ದಿಸಿದರು. ಅದು ಹಾಗೇ ಉಳಿದಿದ್ದರೆ ಮುಂದೆ ಬೇಕಾದಾಗ ಈ ಔಷಧಿಯನ್ನೇ ಕೊಡುತ್ತಿರಲಿಲ್ಲ ಅಂತ ಆಗ ಗೊತ್ತಾಯಿತು.

ಆ ಸಿಸ್ಟರ್ ಇವತ್ತು ಡ್ಯೂಟಿಯಲ್ಲಿದ್ದರು. ನನ್ನನ್ನು ನೋಡಿ ತಲೆ ತಗ್ಗಿಸಿದರು. ಅಪ್ಪನೇ ಕರೆದು "ಬಾಮ್ಮಾ, ನನಗೇನೂ ಆಗಿಲ್ಲ" ಅಂದರು. ಅವರು 250 ಎಂಎಲ್ ಬಾಟ್ಲಿಗೆ ಔಷಧಿ ಹಾಕಿ, ಅದರ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ, ಅಪ್ಪನ ಹೆಸರು, ಔಷಧಿ, "100 ನಿಮಿಷ" ಅಂತ ಬರೆದರು. ಹೆಸರು ಕೇಳಿ, ಕೈಯ ಪಟ್ಟಿ ನೋಡಿ, ಪಂಪ್‌ಗೆ ಪೈಪ್ ಹಾಕಿದರು. 9.10ಕ್ಕೆ ಶುರುವಾಯಿತು. ನಾನು ಪಕ್ಕದಲ್ಲೇ ಕೂತಿದ್ದೆ. ಅಪ್ಪ ನಿದ್ದೆ ಹೋದರು. ಬಾಟ್ಲಿ ಖಾಲಿಯಾದಾಗ ಗಂಟೆ 10.50.